ಕರಗಿದ್ದು ಕಳೆದುಹೋಗದು

ಸಂಸ್ಕೃತದ ಪ್ರಾಚೀನ ನಿಘಂಟುಗಳು ನೀರಿಗೆ ಕೊಟ್ಟಿರುವ ಹೆಸರುಗಳ ಪಟ್ಟಿ ಬಹು ದೀರ್ಘವಾದುದು. ಆ ಪಟ್ಟಿಯಲ್ಲಿ ‘ಜೀವನ’ವೆಂಬುದು ಒಂದು, ‘ಅಮೃತ’ವೆಂಬುದು ಮತ್ತೊಂದು. ಅಚ್ಚರಿಯ ಸಂಗತಿಯೆಂದರೆ ‘ವಿಷ’ ಎಂಬುದೂ ನೀರಿನ ಹೆಸರುಗಳಲ್ಲಿ ಸೇರಿದೆ. ಕವಿಗಳ ಶ್ಲೇಷೆಗೆ ಶತಮಾನಗಳ ಕಾಲ ಒದಗಿಬಂದ ಈ ಪದ ಇಂದು ನ್ಯಾಯಾಲಯಗಳ ಮತ್ತು ಆಸ್ಪತ್ರೆಗಳ ಕಡತಗಳಿಗೂ ಒದಗಿಬರುವಂತಾಗಿರುವುದು ಖೇದಕರ.

ಕನ್ನಡದಲ್ಲಿ ‘ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ’ ಎಂಬ ಗಾದೆಯೊಂದಿದೆ. ವ್ಯರ್ಥವಾದ ಪ್ರಯತ್ನವನ್ನು ಕುರಿತು ಹೇಳುವ ಮಾತಿದು. ಗಾದೆಯ ಹಿಂದೆ ಅಡಗಿರುವ ನಂಬಿಕೆಯನ್ನು ಮಾತ್ರ ಯಾರೂ ಪರಿಶೀಲಿಸಿದಂತಿಲ್ಲ. ಹೊಳೆ ಅಪಾರವಾದುದು, ಹಿಡಿಯಷ್ಟು ಹುಣಸೆಹಣ್ಣು ಅಲ್ಪವಾದುದು. ಆದ್ದರಿಂದ ಹುಳಿ ಎಲ್ಲಿಗೆ ಹೋಯಿತೆಂದು ಕೇಳುವ ಅಗತ್ಯವಿಲ್ಲವೆಂಬುದೇ ಆ ನಂಬಿಕೆ. ‘ಹರಿಯುವ ನೀರಿಗೆ ದೋಷವಿಲ್ಲ’ ಎಂಬ ಮಾತಿನಲ್ಲಿಯೂ ಇದೇ ಧೈರ್ಯವಿದೆ. ಹೊಳೆಯ ದಡದಲ್ಲಿ ನಾಲ್ಕಾರು ಹಳ್ಳಿಗಳಷ್ಟೇ ಇದ್ದ ಕಾಲಕ್ಕೆ ಈ ಧೈರ್ಯ ಸಲ್ಲುತ್ತಿತ್ತು. ದಡದಲ್ಲಿ ಕೋಟಿ ಜನರ ನಗರವೂ ನೂರಾರು ಕಾರ್ಖಾನೆಗಳೂ ಬಂದು ನಿಂತ ಮೇಲೆ ಹುಳಿಯ ಲೆಕ್ಕವನ್ನು ಕೇಳದೆ ವಿಧಿಯಿಲ್ಲ. ನೀರಿನಲ್ಲಿ ಕರಗಿದ ವಸ್ತು ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಈ ಸರಳ ಸಂಗತಿಯನ್ನು ಕಾರ್ಖಾನೆಗಳೂ ಸರಕಾರಗಳೂ ಗೃಹಸ್ಥರೂ ಸಮಾನವಾಗಿ ಮರೆತಿದ್ದಾರೆ.

ಈ ಲೆಕ್ಕದ ಮೂಲಸೂತ್ರವನ್ನು ಜಗತ್ತಿಗೆ ಸ್ಪಷ್ಟಪಡಿಸಿದವನು ಫ್ರಾನ್ಸ್ ದೇಶದ ಲವಾಸಿಯೆ. ನೀರು ಮೂಲವಸ್ತುವಲ್ಲ, ಜಲಜನಕ ಮತ್ತು ಆಮ್ಲಜನಕಗಳ ಸಂಯುಕ್ತವೆಂದು 1783ರಲ್ಲಿ ಸಾರಿದವನೂ ಆತನೇ. ವೃತ್ತಿಯಿಂದ ಆತ ಅರಸನ ಪರವಾಗಿ ಸುಂಕ ವಸೂಲು ಮಾಡುತ್ತಿದ್ದ ಗುತ್ತಿಗೆ ಸಂಸ್ಥೆಯೊಂದರ ಪಾಲುದಾರನಾಗಿದ್ದನೆಂಬುದು ವಾಣಿಜ್ಯಶಾಸ್ತ್ರ ಓದಿದವರಿಗೆ ಸ್ವಾರಸ್ಯಕರವಾಗಿ ಕಂಡೀತು. (ಆ ಪಾಲುದಾರಿಕೆಯೇ 1794ರಲ್ಲಿ ಆತನ ಶಿರಚ್ಛೇದಕ್ಕೆ ಕಾರಣವಾಯಿತು.) ಪ್ರಯೋಗಶಾಲೆಯಲ್ಲಿ ಆತ ಹಿಡಿದದ್ದು ಲೆಕ್ಕಿಗನ ಕ್ರಮವನ್ನೇ: ಕ್ರಿಯೆಗೆ ಮೊದಲು ಎಲ್ಲವನ್ನೂ ತೂಗುವುದು, ಕ್ರಿಯೆ ಮುಗಿದ ಮೇಲೆ ಎಲ್ಲವನ್ನೂ ಮತ್ತೆ ತೂಗುವುದು. ಎರಡೂ ಬದಿಗಳ ಮೊತ್ತ ಸರಿಹೊಂದಲೇಬೇಕು. ಜಮಾ-ಖರ್ಚಿನ ಪುಸ್ತಕದಲ್ಲಿ ಒಂದು ಖಾತೆಯಿಂದ ಹೊರಟ ಹಣ ಇನ್ನೊಂದು ಖಾತೆಯಲ್ಲಿ ಕಾಣಿಸಿಕೊಳ್ಳಲೇಬೇಕಾದಂತೆ, ನೀರಿಗೆ ಸುರಿದ ಪ್ರತಿಯೊಂದು ಗ್ರಾಮೂ ಎಲ್ಲಿಯಾದರೂ ಒಂದೆಡೆ ಜಮೆಯಾಗಿರಲೇಬೇಕು.

ನೀರಿಗೆ ಇಷ್ಟೊಂದು ಪದಾರ್ಥಗಳನ್ನು ಕರಗಿಸಿಕೊಳ್ಳುವ ಶಕ್ತಿ ಎಲ್ಲಿಂದ ಬಂದಿತು? ಅದರ ಅಣುವಿನ ಆಕಾರವೇ ಇದಕ್ಕೆ ಕಾರಣ. ಆಮ್ಲಜನಕದ ಒಂದು ಪರಮಾಣುವಿಗೆ ಜಲಜನಕದ ಎರಡು ಪರಮಾಣುಗಳು ನೇರ ಸಾಲಿನಲ್ಲಿ ಅಂಟಿಕೊಳ್ಳದೆ, ಸುಮಾರು 104.5 ಅಂಶಗಳ ಕೋನದಲ್ಲಿ ಬಾಗಿ ಅಂಟಿಕೊಂಡಿವೆ. ಆದುದರಿಂದ ಅಣುವಿನ ಒಂದು ತುದಿಯಲ್ಲಿ ಋಣವಿದ್ಯುತ್ತಿನ ಛಾಯೆಯೂ ಇನ್ನೊಂದು ತುದಿಯಲ್ಲಿ ಧನವಿದ್ಯುತ್ತಿನ ಛಾಯೆಯೂ ಉಂಟಾಗುತ್ತವೆ. ಅಡುಗೆಯ ಉಪ್ಪು ಧನವಿದ್ಯುತ್ತುಳ್ಳ ಸೋಡಿಯಂ ಮತ್ತು ಋಣವಿದ್ಯುತ್ತುಳ್ಳ ಕ್ಲೋರೈಡುಗಳ ಕಟ್ಟಡ. ನೀರಿನ ಅಣುಗಳು ಈ ಕಟ್ಟಡವನ್ನು ಸುತ್ತುವರಿದು, ತಮ್ಮ ಒಂದು ತುದಿಯಿಂದ ಸೋಡಿಯಮ್ಮನ್ನೂ ಮತ್ತೊಂದು ತುದಿಯಿಂದ ಕ್ಲೋರೈಡನ್ನೂ ಸೆಳೆದು, ಇಟ್ಟಿಗೆ ಇಟ್ಟಿಗೆಯಾಗಿ ಕಿತ್ತು ಬೇರ್ಪಡಿಸುತ್ತವೆ. ಸಾಧಾರಣ ಉಷ್ಣತೆಯಲ್ಲಿ 100 ಗ್ರಾಂ ನೀರು ಸುಮಾರು 36 ಗ್ರಾಂ ಉಪ್ಪನ್ನು ಹೀಗೆ ಕರಗಿಸಿಕೊಳ್ಳಬಲ್ಲುದು. ಸಕ್ಕರೆಯನ್ನಾದರೋ ತನ್ನ ತೂಕದ ಎರಡರಷ್ಟನ್ನು ನುಂಗಬಲ್ಲುದು. ಎಣ್ಣೆಯ ಅಣುವಿನಲ್ಲಿ ಇಂತಹ ತುದಿಭೇದವಿಲ್ಲವಾದ್ದರಿಂದ ನೀರು ಅದನ್ನು ಹತ್ತಿರಕ್ಕೆ ಸೇರಿಸುವುದಿಲ್ಲ. ಒಂದು ದೃಷ್ಟಿಯಿಂದ ಎಣ್ಣೆ ಪ್ರಾಮಾಣಿಕವಾದ ಕೊಳೆ: ಮೇಲೆ ತೇಲುತ್ತ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ.

ಜೀವರಾಶಿ ಬದುಕಿರುವುದು ಈ ಗುಣದಿಂದಲೇ. ರಕ್ತದಲ್ಲಿ ಸಕ್ಕರೆಯೂ ಲವಣಗಳೂ ಸಂಚರಿಸುವುದು, ಬೇರುಗಳು ಮಣ್ಣಿನ ಸಾರವನ್ನು ಹೀರುವುದು, ಮೂತ್ರಪಿಂಡಗಳು ದೇಹದ ಕಸವನ್ನು ಹೊರದೂಡುವುದು, ಎಲ್ಲವೂ ನೀರಿನ ಕರಗಿಸುವ ಶಕ್ತಿಯ ಮೇಲೆ ನಿಂತಿವೆ. ಮೀನು ಉಸಿರಾಡುವುದು ಕೂಡ ನೀರಿನಲ್ಲಿ ಕರಗಿರುವ ಅತ್ಯಲ್ಪ ಆಮ್ಲಜನಕದಿಂದ. ಮಂಜುಗಡ್ಡೆಯಷ್ಟು ತಣ್ಣಗಿರುವ ನೀರಿನ ಒಂದು ಲೀಟರಿನಲ್ಲಿ ಸುಮಾರು 14.6 ಮಿಲಿಗ್ರಾಂ ಆಮ್ಲಜನಕ ಕರಗಿದರೆ, 30 ಡಿಗ್ರಿಯ ನೀರಿನಲ್ಲಿ ಕರಗುವುದು ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ಅದೇ ನೀರಿಗೆ ಚರಂಡಿಯ ಕೊಳೆ ಸೇರಿದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಈ ಅಲ್ಪ ಬಂಡವಾಳವನ್ನೂ ಖರ್ಚು ಮಾಡಿಬಿಡುತ್ತವೆ. ಬೇಸಗೆಯಲ್ಲಿ ನಗರದ ಕೆರೆಗಳಲ್ಲಿ ಮೀನುಗಳು ಒಮ್ಮೆಲೇ ಸತ್ತು ತೇಲಿದಾಗ ಯಾರೋ ವಿಷ ಹಾಕಿದರೆಂದು ಗುಲ್ಲೇಳುವುದುಂಟು. ಅನೇಕ ವೇಳೆ ಅವು ಸತ್ತದ್ದು ಉಸಿರುಕಟ್ಟಿ.

ದ್ರವ್ಯಗುಣದ ಈ ಪಾಠವನ್ನು ಗೃಹಿಣಿಯರು ಪುಸ್ತಕವಿಲ್ಲದೆಯೇ ಬಲ್ಲರು. ಮಳೆಯ ನೀರು ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಕರಗಿಸಿಕೊಂಡು ಸ್ವಲ್ಪ ಆಮ್ಲೀಯವಾಗಿ ನೆಲಕ್ಕಿಳಿಯುತ್ತದೆ. ಅಲ್ಲಿ ಸುಣ್ಣದ ಅಂಶವುಳ್ಳ ಕಲ್ಲುಮಣ್ಣುಗಳನ್ನು ಸವೆಸಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಹೊತ್ತುಕೊಂಡು ಗಡಸು ನೀರಾಗಿ ಬೋರ್‌ವೆಲ್ಲಿನಿಂದ ಮೇಲಕ್ಕೆ ಬರುತ್ತದೆ. ಹೈದರಾಬಾದಿನ ಹೊಸ ಬಡಾವಣೆಗಳಲ್ಲಿ ಮನೆ ಮಾಡಿದ ಕನ್ನಡ ಕುಟುಂಬಗಳಲ್ಲಿ ಮೊದಲು ಕೇಳಿಬರುವ ದೂರು ತೊಗರಿಬೇಳೆ ಬೇಯುವುದಿಲ್ಲವೆಂಬುದು. ದೋಷ ಬೇಳೆಯದಲ್ಲ. ಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ಪದಾರ್ಥವನ್ನು ಗಡಸು ನೀರಿನ ಕ್ಯಾಲ್ಸಿಯಂ ಇನ್ನಷ್ಟು ಬಿಗಿಯಾಗಿಸುತ್ತದೆ. ಸಾಬೂನು ನೊರೆಯಾಗದಿರುವುದಕ್ಕೂ, ಗೀಸರಿನೊಳಗೆ ಬಿಳಿಯ ಹಕ್ಕಳೆ ಕಟ್ಟುವುದಕ್ಕೂ ಇದೇ ಕಾರಣ. ಕುದಿಸಿದಾಗ ಸುಣ್ಣದ ಒಂದು ಭಾಗ ಹೀಗೆ ಪಾತ್ರೆಯ ತಳಕ್ಕೆ ಬೀಳುವುದರಿಂದ, ಕುದಿಸಿದರೆ ನೀರಿನ ದೋಷವೆಲ್ಲ ಹೋಗುತ್ತದೆಂಬ ನಂಬಿಕೆ ಬೆಳೆದಿದೆ.

ಈ ನಂಬಿಕೆ ಅರ್ಧ ಸತ್ಯ. ಕುದಿಸುವುದರಿಂದ ಕಾಲರಾ, ವಿಷಮಶೀತ ಜ್ವರ, ಕಾಮಾಲೆ ಮುಂತಾದವುಗಳ ರೋಗಾಣುಗಳು ಸಾಯುತ್ತವೆ. ಆ ಮಟ್ಟಿಗೆ ಕುದಿಸಿದ ನೀರಿಗಿಂತ ಅಗ್ಗವಾದ ರಕ್ಷಣೆ ಬೇರೊಂದಿಲ್ಲ. ಬಟ್ಟೆಯಲ್ಲಿ ಸೋಸಿದರೆ ಕಸ ನಿಲ್ಲುತ್ತದೆ. ಪಟಿಕವನ್ನು ತಿರುವಿದರೆ ತೇಲುವ ಸಣ್ಣ ಮಣ್ಣಿನ ಕಣಗಳು ಒಟ್ಟುಗೂಡಿ ಕೆಳಗಿಳಿಯುತ್ತವೆ. ಆದರೆ ಕರಗಿದ ನೈಟ್ರೇಟು, ಫ್ಲೋರೈಡು, ಸೀಸ, ಆರ್ಸೆನಿಕ್ ಇವು ಯಾವುವೂ ಕುದಿಸಿದರೆ ಹೋಗುವುದಿಲ್ಲ. ಆವಿಯಾಗಿ ಹೋಗುವುದು ನೀರು ಮಾತ್ರ. ಆದ್ದರಿಂದ ಹೆಚ್ಚು ಹೊತ್ತು ಕುದಿಸಿದಷ್ಟೂ ಉಳಿದ ನೀರಿನಲ್ಲಿ ಇವುಗಳ ಸಾಂದ್ರತೆ ಹೆಚ್ಚುತ್ತದೆಂಬುದನ್ನು ವಾಚಕರು ಗಮನಿಸಬೇಕು. ಅಸ್ವಚ್ಛವಾಗಿ ಕಾಣುವ ನೀರೆಲ್ಲ ಅಪಾಯಕಾರಿ, ತಿಳಿಯಾಗಿ ಕಾಣುವ ನೀರೆಲ್ಲ ಸುರಕ್ಷಿತ ಎಂಬ ಕಣ್ಣಿನ ತೀರ್ಪು ರಸಾಯನಶಾಸ್ತ್ರದ ಮುಂದೆ ನಿಲ್ಲಲಾರದು.

ಇದಕ್ಕೆ ನಲ್ಗೊಂಡ ಜಿಲ್ಲೆಗಿಂತ ದಾರುಣವಾದ ನಿದರ್ಶನ ದೊರಕುವುದು ಕಷ್ಟ. ಹೈದರಾಬಾದಿಗೆ ಹೊಂದಿಕೊಂಡಂತಿರುವ ಈ ಸೀಮೆಯ ಗ್ರಾನೈಟ್ ಬಂಡೆಗಳಲ್ಲಿ ಫ್ಲೋರಿನ್ನಿನ ಖನಿಜಗಳಿವೆ. ಅವುಗಳನ್ನು ಸವೆಸಿಕೊಂಡು ಬಂದ ಬಾವಿಯ ನೀರು ಕನ್ನಡಿಯಂತೆ ತಿಳಿ, ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಕುಡಿದು ಬೆಳೆದ ಮಕ್ಕಳ ಹಲ್ಲುಗಳ ಮೇಲೆ ಕಂದು ಪಟ್ಟೆಗಳೂ, ಹಿರಿಯರಲ್ಲಿ ಬಾಗಿದ ಬೆನ್ನು, ಸೆಟೆದ ಮೂಳೆಗಳೂ ಕಾಣಿಸಿಕೊಂಡವು. ಇದೇ ಬಗೆಯ ಮೂಳೆರೋಗವನ್ನು ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು 1937ರಲ್ಲಿಯೇ ವರದಿ ಮಾಡಿದ್ದರು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡು ಸ್ವೀಕಾರಾರ್ಹ. ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅನುಮತಿಯುಂಟು. ಇಲ್ಲಿ ದ್ರಾವ್ಯತೆಯ ಒಂದು ಸೂಕ್ಷ್ಮವಿದೆ. ಕ್ಯಾಲ್ಸಿಯಂ ಫ್ಲೋರೈಡು ಒಂದು ಲೀಟರ್ ನೀರಿನಲ್ಲಿ ಸುಮಾರು 16 ಮಿಲಿಗ್ರಾಂ ಮಾತ್ರ ಕರಗುವ ಪದಾರ್ಥ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆಳೆಯುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಬೈಕಾರ್ಬೊನೇಟು ಹೆಚ್ಚಿದ್ದರೆ ಫ್ಲೋರೈಡು ಕರಗಿಯೇ ಉಳಿಯುತ್ತದೆ. ಬೇಳೆ ಚೆನ್ನಾಗಿ ಬೇಯುವ, ಸಾಬೂನು ಚೆನ್ನಾಗಿ ನೊರೆಯಾಗುವ ಮೆದುನೀರಿನಲ್ಲಿಯೇ ಕೆಲವೊಮ್ಮೆ ಈ ಶತ್ರು ಅಡಗಿರುತ್ತಾನೆ. ಪಟಿಕ ಮತ್ತು ಸುಣ್ಣಗಳನ್ನು ಬೆರೆಸಿ ಫ್ಲೋರೈಡನ್ನು ಕೆಳಗಿಳಿಸುವ ವಿಧಾನವನ್ನು ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯವರು ರೂಪಿಸಿದರು; ಅದು ‘ನಲ್ಗೊಂಡ ವಿಧಾನ’ವೆಂದೇ ಲೋಕದಲ್ಲಿ ಹೆಸರಾಯಿತು. ಜಿಲ್ಲೆಯೊಂದಕ್ಕೆ ಇಂತಹ ಕೀರ್ತಿ ಬರಬಾರದಾಗಿತ್ತು. ಪಾವಗಡ, ಮುಂಡರಗಿ, ರಾಯಚೂರುಗಳ ಕಡೆಯಿಂದ ಬಂದು ಇಲ್ಲಿ ನೆಲೆಸಿದವರಿಗೆ ಈ ರೋಗದ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ.

ನಲ್ಗೊಂಡದ ಫ್ಲೋರೈಡು ಭೂಮಿಯೇ ಕೊಟ್ಟದ್ದು. ಅದಕ್ಕೆ ಯಾರನ್ನೂ ಹೊಣೆ ಮಾಡಲಾಗದು. ಮನುಷ್ಯರು ಕೊಟ್ಟದ್ದರ ಲೆಕ್ಕ ಬೇರೆಯೇ ಇದೆ. ಅದನ್ನು ನೋಡಲು ಹೈದರಾಬಾದು ನಗರಕ್ಕೇ ಬರಬೇಕು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಸಹಸ್ರಾರು ಜನರನ್ನು ಬಲಿ ತೆಗೆದುಕೊಂಡಿತು. ನಿಜಾಮರ ಸರಕಾರ ಕರೆಸಿಕೊಂಡದ್ದು ಎಂ. ವಿಶ್ವೇಶ್ವರಯ್ಯನವರನ್ನು. ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಯಬೇಕೆಂದು ಅವರು ಸಲಹೆಯಿತ್ತರು. ಅದರ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾಗಿ, ಪ್ರವಾಹದ ಭಯವನ್ನು ನಿವಾರಿಸಿದುದಲ್ಲದೆ ನಗರಕ್ಕೆ ಕುಡಿಯುವ ನೀರನ್ನೂ ಒದಗಿಸಿದವು. ಇದು ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆ. ಅದೇ ಮೂಸಿ ಈಗ ನಗರದ ಬಚ್ಚಲನ್ನು ಹೊತ್ತುಕೊಂಡು ಕೆಳಗಿನ ಹೊಲಗಳಿಗೆ ಹೋಗುತ್ತಿರುವ ಕಥೆಯನ್ನು ಸಮಾರಂಭಗಳಲ್ಲಿ ಯಾರೂ ಹೇಳುವುದಿಲ್ಲ. ನದಿಯ ದಂಡೆಯ ಹಳ್ಳಿಗಳಲ್ಲಿ ಈ ನೀರಿನಿಂದಲೇ ಭತ್ತ, ಸೊಪ್ಪು ತರಕಾರಿ, ಪಾರಾ ಹುಲ್ಲು ಬೆಳೆಯುತ್ತಾರೆ. ಆ ಹುಲ್ಲನ್ನು ಎಮ್ಮೆಗಳು ಮೇಯುತ್ತವೆ, ಹಾಲು ನಗರಕ್ಕೆ ಬರುತ್ತದೆ. ಹೊರಗೆ ಕಳುಹಿಸಿದೆವೆಂದು ನಗರ ತಿಳಿದದ್ದು ನಗರದ ಖಾತೆಗೇ ಮರಳಿ ಜಮೆಯಾಗುವ ರೀತಿಯಿದು.

ನಗರದ ವಾಯವ್ಯಕ್ಕೆ, ಮುಂಬಯಿಗೆ ಹೋಗುವ ಹೆದ್ದಾರಿಯ ಮೇಲೆ, ಪಟಾಂಚೆರು ಇದೆ. 1970ರ ದಶಕದಲ್ಲಿ ಹಿಂದುಳಿದ ಮೆದಕ್ ಜಿಲ್ಲೆಯ ಏಳಿಗೆಗೆಂದು ಇಲ್ಲಿ ಕೈಗಾರಿಕಾ ಪ್ರದೇಶವನ್ನು ಸ್ಥಾಪಿಸಲಾಯಿತು. ಔಷಧಿಗಳ ಮೂಲದ್ರವ್ಯಗಳನ್ನು ತಯಾರಿಸುವ ಕಾರ್ಖಾನೆಗಳು ಸಾಲಾಗಿ ಬಂದವು. ಅವುಗಳ ತ್ಯಾಜ್ಯ ಇಸಕವಾಗು, ನಕ್ಕವಾಗು ಎಂಬ ಹಳ್ಳಗಳನ್ನು ಸೇರಿತು. ಆ ಹಳ್ಳಗಳು ಸೇರುವುದು ಮಂಜೀರಾ ನದಿಯನ್ನು. ಬಾವಿಗಳು ಕೆಟ್ಟವು, ಹೊಲಗಳು ಸವುಳಾದವು. 1990ರಲ್ಲಿ ಪ್ರಕರಣ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಕಾರ್ಖಾನೆಗಳ ತ್ಯಾಜ್ಯವನ್ನು ಒಟ್ಟುಗೂಡಿಸಿ ಸಂಸ್ಕರಿಸುವ ಸಾಮೂಹಿಕ ಸ್ಥಾವರವೂ ಎದ್ದು ನಿಂತಿತು. ಅಲ್ಲಿಗೆ ಸಮಸ್ಯೆ ಪರಿಹಾರವಾಯಿತೆಂದು ಅನೇಕರು ಭಾವಿಸಿದರು.

2007ರಲ್ಲಿ ಸ್ವೀಡನ್ ದೇಶದ ಯೋಆಕಿಮ್ ಲಾರ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಸಂಶೋಧನ ಲೇಖನ ಈ ನೆಮ್ಮದಿಯನ್ನು ಕದಡಿತು. ಸುಮಾರು 90 ಔಷಧಿ ಕಾರ್ಖಾನೆಗಳ ತ್ಯಾಜ್ಯವನ್ನು ಪಡೆಯುತ್ತಿದ್ದ ಆ ಸ್ಥಾವರದಿಂದ ಸಂಸ್ಕರಣೆ ಮುಗಿಸಿ ಹೊರಬೀಳುತ್ತಿದ್ದ ನೀರನ್ನು ಅವರು ಪರೀಕ್ಷಿಸಿದ್ದರು. ವಿಷಮಶೀತ ಜ್ವರವೇ ಮೊದಲಾದ ಸೋಂಕುಗಳಿಗೆ ವೈದ್ಯರು ಕೊಡುವ ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೈವಿಕ ಔಷಧಿ ಅದರಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು. ಔಷಧಿಯನ್ನು ಸೇವಿಸುತ್ತಿರುವ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಇದು ಹೆಚ್ಚು! ದಿನಕ್ಕೆ ಹೊರಬೀಳುತ್ತಿದ್ದ ನೀರು ಸುಮಾರು 15 ಲಕ್ಷ ಲೀಟರ್. ಗುಣಿಸಿ ನೋಡಿದರೆ ದಿನವೊಂದಕ್ಕೆ ಸುಮಾರು 45 ಕಿಲೋಗ್ರಾಂ ಔಷಧಿ ಹಳ್ಳದ ಪಾಲಾಗುತ್ತಿತ್ತು; 500 ಮಿಲಿಗ್ರಾಮಿನ ಮಾತ್ರೆಗಳ ಲೆಕ್ಕದಲ್ಲಿ ತೊಂಬತ್ತು ಸಾವಿರ ಮಾತ್ರೆಗಳು. ಸ್ವೀಡನ್ ದೇಶದ ತೊಂಬತ್ತು ಲಕ್ಷ ಜನರು ಐದು ದಿನಗಳಲ್ಲಿ ಸೇವಿಸುವಷ್ಟು ಔಷಧಿ ಇದೆಂದು ಆ ಲೇಖಕರೇ ಹೋಲಿಸಿ ಹೇಳಿದರು. ಎರಡು ವರ್ಷಗಳ ಅನಂತರ ಪ್ರಕಟವಾದ ಇನ್ನೊಂದು ಅಧ್ಯಯನ ಸುತ್ತಲಿನ ಕೆರೆಗಳಲ್ಲಿಯೂ ಹಳ್ಳಿಯ ಬಾವಿಗಳಲ್ಲಿಯೂ ಇಂತಹ ಔಷಧಿಗಳನ್ನು ಕಂಡಿತು.

ಈ ನೀರಿಗೆ ಬಣ್ಣ ಬಂದು ಯಾರನ್ನೂ ಎಚ್ಚರಿಸಲಿಲ್ಲ. ಎಚ್ಚೆತ್ತವು ರೋಗಾಣುಗಳು ಮಾತ್ರ. ಸದಾ ಔಷಧಿಯಲ್ಲಿ ಈಜಾಡುವ ಸೂಕ್ಷ್ಮಜೀವಿಗಳಲ್ಲಿ ದುರ್ಬಲವಾದವು ಸಾಯುತ್ತವೆ, ಔಷಧಿಗೆ ಬಗ್ಗದವು ಉಳಿದು ವೃದ್ಧಿಯಾಗುತ್ತವೆ. ತಮ್ಮ ಆ ವಿದ್ಯೆಯನ್ನು ಬೇರೆ ಜಾತಿಯ ಸೂಕ್ಷ್ಮಜೀವಿಗಳಿಗೂ ಹಂಚುತ್ತವೆ. ನಾಳೆ ಯಾವುದೋ ಊರಿನ ಆಸ್ಪತ್ರೆಯಲ್ಲಿ ಜ್ವರದಿಂದ ಮಲಗಿದ ಮಗುವಿಗೆ ಔಷಧಿ ನಾಟದೆ ಹೋದರೆ, ಅದರ ಕಾರಣಗಳ ಸರಪಣಿಯ ಒಂದು ಕೊಂಡಿ ಹೀಗೆ ಹಳ್ಳವೊಂದರ ನೀರಿನಲ್ಲಿ ಇದ್ದಿರಬಹುದು. ‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂದು ಹಿರಿಯರು ಹೇಳುತ್ತಾರೆ. ಇಲ್ಲಿ ಉಪ್ಪು ತಿಂದವನು ಒಬ್ಬ, ನೀರು ಕುಡಿಯಬೇಕಾದವನು ಮತ್ತೊಬ್ಬ.

ಇದಕ್ಕೆ ಕಂಡುಕೊಂಡ ಪರಿಹಾರ ಇನ್ನೂ ಸ್ವಾರಸ್ಯಕರವಾದುದು. ಪಟಾಂಚೆರಿನಿಂದ ಸುಮಾರು 18 ಕಿಲೋಮೀಟರ್ ಉದ್ದದ ಕೊಳವೆಯನ್ನು ಹಾಸಿ, ಸಾಮೂಹಿಕ ಸ್ಥಾವರದ ನೀರನ್ನು ನಗರದ ಒಳಚರಂಡಿಯೊಡನೆ ಬೆರೆಸಿ ಅಂಬರ್‌ಪೇಟೆಯ ಸಂಸ್ಕರಣ ಕೇಂದ್ರಕ್ಕೆ, ಅಲ್ಲಿಂದ ಮೂಸಿಗೆ ಸಾಗಿಸುವ ವ್ಯವಸ್ಥೆಯಾಯಿತು. ನಕ್ಕವಾಗು ಮಂಜೀರಾ ನದಿಗೆ, ಮಂಜೀರಾ ಗೋದಾವರಿಗೆ ಸೇರುತ್ತವೆ. ಮೂಸಿಯಾದರೋ ಕೃಷ್ಣೆಯನ್ನು ಸೇರುತ್ತದೆ. ಎಂದರೆ ಗೋದಾವರಿಯ ಖಾತೆಯಲ್ಲಿದ್ದ ಸಾಲವನ್ನು ಕೃಷ್ಣೆಯ ಖಾತೆಗೆ ವರ್ಗಾಯಿಸಿದಂತಾಯಿತು. ಬ್ಯಾಂಕಿನಲ್ಲಿ ಇಂತಹ ವರ್ಗಾವಣೆಯನ್ನು ಸಾಲದ ತೀರುವಳಿಯೆಂದು ಬರೆದುಕೊಂಡವನನ್ನು ಲೆಕ್ಕಪರಿಶೋಧಕರು ಸುಮ್ಮನೆ ಬಿಡುವುದಿಲ್ಲ. ನಗರದ ಒಳಚರಂಡಿಯ ಕೋಟ್ಯಂತರ ಲೀಟರ್ ನೀರಿನೊಡನೆ ಬೆರೆತಾಗ ಕಾರ್ಖಾನೆಯ ತ್ಯಾಜ್ಯದ ಸಾಂದ್ರತೆ ಸಹಜವಾಗಿಯೇ ಇಳಿಯುತ್ತದೆ. ಕೆಲವು ಪದಾರ್ಥಗಳನ್ನು ಅಲ್ಲಿಯ ಸೂಕ್ಷ್ಮಜೀವಿಗಳು ಒಡೆದುಹಾಕುತ್ತವೆಂಬುದೂ ನಿಜ. ಆದರೆ ಕರಗಿದ ಲವಣಗಳನ್ನೂ ಲೋಹಗಳನ್ನೂ ಯಾವ ಸೂಕ್ಷ್ಮಜೀವಿಯೂ ತಿಂದು ಮುಗಿಸಲಾರದು.

ಇಡೀ ಜಲಮಾಲಿನ್ಯ ನಿಯಂತ್ರಣದ ದೊಡ್ಡ ಬಿರುಕು ಇರುವುದು ಇಲ್ಲಿಯೇ. ತ್ಯಾಜ್ಯದ ನಿಯಮಗಳಲ್ಲಿ ಬಹುಪಾಲು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ರೂಪದಲ್ಲಿವೆ. ಹತ್ತು ಸಾವಿರ ಲೀಟರ್ ನೀರಿನಲ್ಲಿ ಲೀಟರಿಗೆ 100 ಮಿಲಿಗ್ರಾಮಿನಂತೆ ವಿಷವಿದ್ದರೆ ಒಟ್ಟು ವಿಷ ಒಂದು ಕಿಲೋಗ್ರಾಂ. ಅದಕ್ಕೆ ತೊಂಬತ್ತು ಸಾವಿರ ಲೀಟರ್ ಒಳ್ಳೆಯ ನೀರನ್ನು ಬೆರೆಸಿದರೆ ಸಾಂದ್ರತೆ 10 ಮಿಲಿಗ್ರಾಮಿಗೆ ಇಳಿದು ಕಾಗದದ ಮೇಲೆ ಎಲ್ಲವೂ ಶುದ್ಧವಾಗುತ್ತದೆ. ವಿಷ ಮಾತ್ರ ಅದೇ ಒಂದು ಕಿಲೋಗ್ರಾಂ. ಜೊತೆಗೆ ತೊಂಬತ್ತು ಸಾವಿರ ಲೀಟರ್ ಕುಡಿಯುವ ನೀರೂ ಕೆಟ್ಟಿತು. ಸಾಲಗಾರನೊಬ್ಬನು ತನ್ನ ಸಾಲ ಶೇಕಡಾ ಎಷ್ಟೆಂದು ಹೇಳಿ, ಮೊತ್ತವನ್ನೇ ಮುಚ್ಚಿಟ್ಟರೆ ಯಾವ ವ್ಯವಸ್ಥಾಪಕನೂ ಒಪ್ಪಲಾರ. ಆದುದರಿಂದ ಪ್ರತಿಯೊಂದು ಕಾರ್ಖಾನೆಯೂ ದಿನಕ್ಕೆ, ವರ್ಷಕ್ಕೆ ಎಷ್ಟು ಕಿಲೋಗ್ರಾಂ ಯಾವ ಪದಾರ್ಥವನ್ನು ನೀರಿಗೆ ಬಿಟ್ಟಿತೆಂಬ ಮೊತ್ತದ ಲೆಕ್ಕವನ್ನು, ಕಂಪನಿಯ ವಾರ್ಷಿಕ ಆಯವ್ಯಯ ಪಟ್ಟಿಯಂತೆಯೇ, ಸಾರ್ವಜನಿಕರ ಮುಂದಿಡುವಂತಾಗಬೇಕು. ಕೊಂಡ ಕಚ್ಚಾ ವಸ್ತು ಎಷ್ಟು, ಮಾರಿದ ಸರಕು ಎಷ್ಟು ಎಂಬುದು ಪುಸ್ತಕಗಳಲ್ಲಿ ಈಗಾಗಲೇ ಇದೆ. ನಡುವಣ ವ್ಯತ್ಯಾಸ ಎಲ್ಲಿ ಹೋಯಿತೆಂದು ಕೇಳುವುದಷ್ಟೇ ಬಾಕಿ.

ಜಲಮಾಲಿನ್ಯವನ್ನು ತಡೆಗಟ್ಟುವ ಕಾಯಿದೆ 1974ರಷ್ಟು ಹಿಂದೆಯೇ ಬಂದಿತು. ರಾಜಸ್ಥಾನದ ಬಿಚ್ಛ್ರೀ ಗ್ರಾಮದ ಪ್ರಕರಣದಲ್ಲಿ, ಕೆಡಿಸಿದವನೇ ಸರಿಪಡಿಸುವ ವೆಚ್ಚವನ್ನು ಹೊರಬೇಕೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಪಿತ್ತಿತು. ಈ ದಿಕ್ಕಿನಲ್ಲಿ ಮುಂದುವರಿಯಬೇಕಾಗಿದ್ದ ವ್ಯವಸ್ಥೆ ಹಿಮ್ಮೆಟ್ಟುತ್ತಿರುವ ಲಕ್ಷಣಗಳು ಕಾಣುತ್ತಿವೆ. ಔಷಧಿ ಕಾರ್ಖಾನೆಗಳ ತ್ಯಾಜ್ಯದಲ್ಲಿ ಪ್ರತಿಜೈವಿಕಗಳು ಎಷ್ಟಿರಬಹುದೆಂಬ ಮಿತಿಯನ್ನು ಸೂಚಿಸುವ ಕರಡು ನಿಯಮವನ್ನು ಕೇಂದ್ರ ಸರಕಾರ 2020ರ ಜನವರಿಯಲ್ಲಿ ಪ್ರಕಟಿಸಿತು; 2021ರಲ್ಲಿ ಅಂತಿಮ ನಿಯಮ ಹೊರಬಿದ್ದಾಗ ಆ ಮಿತಿಗಳೇ ಅದರಲ್ಲಿ ಇರಲಿಲ್ಲ. 2024ರಲ್ಲಿ 1974ರ ಕಾಯಿದೆಗೆ ತಂದ ತಿದ್ದುಪಡಿ ಹಲವು ಅಪರಾಧಗಳಿಗಿದ್ದ ಕಾರಾಗೃಹ ಶಿಕ್ಷೆಯನ್ನು ತೆಗೆದು, ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿಗಳವರೆಗಿನ ದಂಡವನ್ನು ವಿಧಿಸಿತು. ಅದು ಮೊದಲಿಗೆ ಅನ್ವಯವಾದದ್ದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ. ಉಳಿದ ರಾಜ್ಯಗಳು ನಿರ್ಣಯ ಮಾಡಿ ಅಂಗೀಕರಿಸಬಹುದು. ದಂಡ ಅಲ್ಪವಾಗಿದ್ದು ಉಲ್ಲಂಘನೆಯಿಂದ ಬರುವ ಉಳಿತಾಯ ಅಧಿಕವಾಗಿದ್ದರೆ, ದಂಡವೆಂಬುದು ಶಿಕ್ಷೆಯಾಗಿ ಉಳಿಯದೆ ಬಾಡಿಗೆಯಾಗಿಬಿಡುತ್ತದೆ. ಕೋಟಿಗಟ್ಟಲೆ ವಹಿವಾಟುಳ್ಳ ಸಂಸ್ಥೆಗೆ ಹದಿನೈದು ಲಕ್ಷ ಯಾವ ಖರ್ಚಿನ ಬಾಬಿನಲ್ಲಿ ಅಡಗಿಹೋಗುತ್ತದೆಂಬುದನ್ನು ಲೆಕ್ಕ ಬರೆಯುವವರು ಬಲ್ಲರು.

ಕೈಗಾರಿಕೆಗಳ ಪರವಾಗಿ ಹೇಳಬೇಕಾದ ಮಾತೂ ಇಲ್ಲದಿಲ್ಲ. ಹೈದರಾಬಾದಿನ ಈ ಕಾರ್ಖಾನೆಗಳಿಂದಲೇ ಅನೇಕ ಔಷಧಿಗಳು ಬಡವರ ಕೈಗೆಟುಕುವ ಬೆಲೆಗೆ ಬಂದಿವೆ. ಸಾವಿರಾರು ಸಂಸಾರಗಳು, ಕನ್ನಡಿಗರವೂ ಸೇರಿ, ಅವುಗಳನ್ನು ನಂಬಿ ಬದುಕಿವೆ. ಕೆಲವು ಕಾರ್ಖಾನೆಗಳು ತ್ಯಾಜ್ಯದ ನೀರನ್ನು ಸಂಪೂರ್ಣವಾಗಿ ಇಂಗಿಸಿ, ಉಳಿದ ಲವಣವನ್ನು ಭದ್ರವಾದ ಗುಂಡಿಗಳಿಗೆ ಸಾಗಿಸುವ ಕ್ರಮವನ್ನೂ ಕೈಗೊಂಡಿವೆ. ಇದಕ್ಕೆ ಇಂಧನ ಬೇಕು, ಹಣ ಬೇಕು, ಆ ಗುಂಡಿಗಳನ್ನು ತಲೆಮಾರುಗಳ ಕಾಲ ಕಾಯಬೇಕು. ಮಾತ್ರೆಯ ಬೆಲೆಯಲ್ಲಿ ಈ ವೆಚ್ಚ ಸೇರಿದರೆ ಬೆಲೆ ಒಂದಿಷ್ಟು ಏರೀತು. ಸೇರದಿದ್ದರೆ ಆ ವೆಚ್ಚವನ್ನು ನಕ್ಕವಾಗಿನ ದಂಡೆಯ ರೈತ ತನ್ನ ಹೊಲದಿಂದ ತೆರುತ್ತಾನೆ. ತೆರುವವನು ಬದಲಾಗುತ್ತಾನೆಯೇ ಹೊರತು ವೆಚ್ಚ ತಪ್ಪುವುದಿಲ್ಲ.

ಕಾರ್ಖಾನೆಗಳನ್ನು ದೂರುವ ಭರದಲ್ಲಿ ಮನೆಗಳ ಪಾಲನ್ನು ಮರೆಯುವುದು ನ್ಯಾಯವಲ್ಲ. ಮೂಸಿಯಲ್ಲಿ ಹರಿಯುವ ಕೊಳೆಯಲ್ಲಿ ಹೆಚ್ಚಿನ ಭಾಗ ಗೃಹಸ್ಥರ ಬಚ್ಚಲು, ಶೌಚಾಲಯಗಳದೇ. ಅದು ನೆಲದೊಳಗೆ ಇಳಿದಲ್ಲೆಲ್ಲ ಬಾವಿಯ ನೀರಿನಲ್ಲಿ ನೈಟ್ರೇಟು ಏರುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಿದ ನೀರನ್ನು ಬೆರೆಸಿ ಸೀಸೆಯ ಹಾಲು ಕುಡಿಸಿದರೆ ಹಸುಗೂಸಿನ ರಕ್ತ ಆಮ್ಲಜನಕವನ್ನು ಒಯ್ಯಲಾರದೆ ಮೈ ನೀಲಿಗಟ್ಟುವ ಅಪಾಯವಿದೆ. ಅವಧಿ ಮೀರಿದ ಮಾತ್ರೆಗಳನ್ನು ಬಚ್ಚಲಿಗೆ ಸುರಿಯುವ ಅಭ್ಯಾಸ ವಿದ್ಯಾವಂತರಲ್ಲಿಯೇ ಹೆಚ್ಚು. ಈಗ ಮನೆಮನೆಗೂ ಬಂದಿರುವ ಆರ್.ಓ. ಯಂತ್ರವನ್ನೇ ನೋಡಬಹುದು. ಕರಗಿದ ಲವಣವನ್ನು ಅದು ನಿಜಕ್ಕೂ ಬೇರ್ಪಡಿಸುತ್ತದೆ. ಆದರೆ ಶುದ್ಧ ನೀರಿನ ಒಂದು ಪಾಲಿಗೆ ಎರಡು ಮೂರು ಪಾಲು ನೀರನ್ನು ಇನ್ನಷ್ಟು ಉಪ್ಪಾಗಿಸಿ ಮೋರಿಗೆ ಬಿಡುತ್ತದೆ. ಲೋಟದಿಂದ ಹೋದದ್ದು ಮೋರಿಗೆ ಜಮೆ. ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಿಮೆ ಲವಣವುಳ್ಳ ನೀರಿಗೆ ಈ ಯಂತ್ರದ ಬಳಕೆಯನ್ನು ನಿಷೇಧಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಸರಕಾರಕ್ಕೆ ಸೂಚಿಸಿದ್ದು ಈ ಕಾರಣದಿಂದಲೇ.

ಈ ಯಂತ್ರಗಳನ್ನು ಮಾರುವವರು ಮನೆಬಾಗಿಲಲ್ಲಿ ತೋರಿಸುವ ಒಂದು ಚಮತ್ಕಾರದ ಬಗ್ಗೆ ಎಚ್ಚರ ಅಗತ್ಯ. ಎರಡು ಲೋಟಗಳಲ್ಲಿ ನಲ್ಲಿಯ ನೀರನ್ನೂ ಯಂತ್ರದ ನೀರನ್ನೂ ಇಟ್ಟು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಕಡ್ಡಿಗಳನ್ನು ಅದ್ದಿ ವಿದ್ಯುತ್ತನ್ನು ಹರಿಸುತ್ತಾರೆ. ನಲ್ಲಿಯ ನೀರಿನಲ್ಲಿ ಕಂದು ಬಣ್ಣದ ಕೆಸರು ಏಳುತ್ತದೆ, ಮನೆಯವರು ಗಾಬರಿಯಾಗುತ್ತಾರೆ. ಆ ಕೆಸರು ನೀರಿನಲ್ಲಿದ್ದ ಕೊಳೆಯಲ್ಲ, ಕಡ್ಡಿಯ ಕಬ್ಬಿಣವೇ ಸವೆದು ಬಂದ ತುಕ್ಕು. ಲವಣವಿಲ್ಲದ ನೀರಿನಲ್ಲಿ ವಿದ್ಯುತ್ತು ಸರಿಯಾಗಿ ಹರಿಯುವುದಿಲ್ಲವಾದ್ದರಿಂದ ಕೆಸರೂ ಏಳುವುದಿಲ್ಲ. ಅವರು ತೋರಿಸುವ ಮೀಟರು ಕೂಡ ಕರಗಿದ ಲವಣಗಳ ಒಟ್ಟು ಮೊತ್ತವನ್ನು ಸೂಚಿಸುತ್ತದೆಯೇ ವಿನಾ ಅವುಗಳಲ್ಲಿ ನಿರುಪದ್ರವಿ ಸುಣ್ಣವೆಷ್ಟು, ಫ್ಲೋರೈಡೆಷ್ಟು ಎಂದು ತಿಳಿಸದು. ಅದಕ್ಕೆ ಪ್ರಯೋಗಶಾಲೆಯೇ ಬೇಕು.

ಬೀದರ, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದು ರಾಜ್ಯದ ಜಿಲ್ಲೆಗಳಾಗಿದ್ದವು. ಆ ಸೀಮೆಗಳಿಂದ ಬಂದ ಕುಟುಂಬಗಳೇ ಇಲ್ಲಿಯ ಕನ್ನಡ ಸಮಾಜದ ಹಳೆಯ ಬೇರುಗಳು. ನಗರಕ್ಕೆ ಸಿಂಗೂರು ಜಲಾಶಯದಿಂದ ಬರುವ ನೀರು ಮಂಜೀರಾ ನದಿಯದು. ಮಹಾರಾಷ್ಟ್ರದಲ್ಲಿ ಹುಟ್ಟಿದ ಆ ನದಿ ಬೀದರ ಜಿಲ್ಲೆಯನ್ನು ಹಾದು ಇಲ್ಲಿಗೆ ಬರುತ್ತದೆ. ಬೀದರಿನಲ್ಲಿ ಅಣ್ಣ ಹೊಳೆಗೆ ಬಿಟ್ಟದ್ದು ಹೈದರಾಬಾದಿನಲ್ಲಿ ತಮ್ಮನ ನಲ್ಲಿಗೆ ಬರಬಹುದು. ತಮ್ಮ ತನ್ನ ನಲ್ಲಿಯ ನೀರಿನ ಲೆಕ್ಕವನ್ನಾದರೂ ಕೇಳಲು ಕಲಿಯಬೇಕು.

ಅಪಾರ್ಟ್‌ಮೆಂಟುಗಳ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ಕಾವಲುಗಾರನ ಸಂಬಳ, ಲಿಫ್ಟಿನ ದುರಸ್ತಿಗಳ ಪ್ರತಿಯೊಂದು ರೂಪಾಯಿಯನ್ನೂ ಪ್ರಶ್ನಿಸುವ ಸದಸ್ಯರು, ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನ ಪರೀಕ್ಷಾ ವರದಿಯನ್ನು ಕೇಳಿದ ಉದಾಹರಣೆ ಅಪರೂಪ. ಪರಿಶೋಧಿತ ಲೆಕ್ಕಪತ್ರದ ಜೊತೆಗೇ ಈ ವರದಿಯನ್ನೂ ಸಭೆಯ ಮುಂದಿಡುವ ನಿರ್ಣಯವನ್ನು ಈ ವರ್ಷವೇ ಮಾಡಿಕೊಳ್ಳಬಹುದು. ಮಳೆಗಾಲಕ್ಕೆ ಮೊದಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಪರೀಕ್ಷೆ ನಡೆಯಬೇಕು. ಒಟ್ಟು ಕರಗಿದ ಲವಣ, ಗಡಸುತನ, ನೈಟ್ರೇಟು, ಫ್ಲೋರೈಡು, ಮಲಮೂಲದ ರೋಗಾಣು ಸೂಚಕಗಳು, ಸಾಧ್ಯವಾದರೆ ಸೀಸ ಮತ್ತು ಆರ್ಸೆನಿಕ್ ಇಷ್ಟನ್ನು ಹೆಸರಿಸಿಯೇ ಕೇಳಬೇಕು. ರೋಗಾಣು ಪರೀಕ್ಷೆಯ ಮಾದರಿಯನ್ನು ಪ್ರಯೋಗಶಾಲೆಯವರೇ ಕೊಡುವ ಕ್ರಿಮಿಶುದ್ಧವಾದ ಸೀಸೆಯಲ್ಲಿ ಹಿಡಿದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಅದೇ ದಿನ ತಲುಪಿಸುವುದು ಕ್ರಮ. ಸಂಪಿನಿಂದ ಒಂದು ಮಾದರಿ, ಮೇಲಿನ ಮಹಡಿಯ ಅಡುಗೆಮನೆಯ ನಲ್ಲಿಯಿಂದ ಇನ್ನೊಂದು.